ಒಂದು ‘ಹಾಕ್ರಿ’ ಕಡಿಮೆ ಬಿದ್ದದ್ದು

ಆ ಕಂಪ್ಯೂಟರನ್ನು ಮೂರು ವಾರ, ದಿನಕ್ಕೊಂದು ಸಲ, ಕೊಂದವನು ನಾನು. ವೈರಸ್ಸಲ್ಲ, ಕರೆಂಟಲ್ಲ, ಡಬ್ಬಿಯೊಳಗೆ ಸೇರಿಕೊಂಡ ಇರುವೆಯಲ್ಲ. ನಾಶಿಕದ ಹೋಟೆಲೊಂದರ ಬೆಂಚಿನ ಮೇಲೆ ಚಹಾ ಹೀರುತ್ತ ಕೂತಿದ್ದ ನಾನು. ಅದನ್ನೂ ನನ್ನ ದನಿಯಲ್ಲಿ ಮಾಡಲಿಲ್ಲ, ಇನ್ನೊಬ್ಬನ ದನಿಯಲ್ಲಿ ಮಾಡಿದೆ. ಪೂರಾ ಕನ್ನಡದಲ್ಲೂ ಮಾಡಲಿಲ್ಲ, ಮುಕ್ಕಾಲು ಕನ್ನಡದಲ್ಲಿ ಮಾಡಿದೆ. ಇಷ್ಟನ್ನು ಮೊದಲೇ ಹೇಳಿಬಿಟ್ಟರೆ, ಮುಂದೆ ನಾನು ಬೇರೆಯವರ ಮೇಲೆ ಹಾರಾಡುವಾಗ ಯಾರೂ ನನ್ನ ಅಂಗಿ ಜಗ್ಗಿ ‘ನೀನೇನು ಕಮ್ಮಿ?’ ಅನ್ನಬೇಕಾಗಿಲ್ಲ. ಕಮ್ಮಿ ಇಲ್ಲ. ಆದರೂ ಹಾರಾಡುತ್ತೇನೆ. ಸಿಟ್ಟು ಇನ್ನೂ ಇಳಿದಿಲ್ಲ.

ನನ್ನ ಕೆಲಸ ಇಷ್ಟು: ಸಣ್ಣ ಕಾರ್ಖಾನೆಗಳಿಗೆ ಲಿನಕ್ಸ್ ಹಾಕಿದ ಕಂಪ್ಯೂಟರ್ ಕೂಡಿಸಿ ಕೊಡುವುದು, ಕೆಟ್ಟರೆ ಫೋನಿನಲ್ಲೇ ಔಷಧ ಹೇಳುವುದು, ಫೋನಿಗೆ ಬಗ್ಗದಿದ್ದರೆ ಬಸ್ಸು ಹತ್ತುವುದು. ಆಫೀಸು ನಾಶಿಕದಲ್ಲಿ. ಅಪ್ಪ ಅಮ್ಮ ವಿಜಯಪುರದ ಕಡೆಯಿಂದ ಇಲ್ಲಿಗೆ ಇಟ್ಟಿಗೆ ಹೊರಲು ಬಂದವರು. ನಾನು ಹುಟ್ಟಿದ್ದು, ಓದಿದ್ದು, ಮಾಸ್ತರರ ಕೈಲಿ ಬೈಸಿಕೊಂಡದ್ದು ಎಲ್ಲ ಮರಾಠಿಯಲ್ಲಿ. ಕನ್ನಡ ಹೊಸ್ತಿಲೊಳಗಿನದು. ಯಾರಾದರೂ ಆಡಿದರೆ ಎಲ್ಲ ತಿಳಿಯುತ್ತಿತ್ತು. ನಾನು ಆಡಹೊರಟರೆ ಮಾತ್ರ ಕ್ರಿಯಾಪದಗಳು ಅರ್ಧ ದಾರಿಯಲ್ಲಿ ಕೈಬಿಡುತ್ತಿದ್ದವು. ಹೀಗೆ ಕೂತು ಬರೆಯುವಷ್ಟು ಕನ್ನಡ ಕಲಿತದ್ದು ಈ ಪ್ರಕರಣ ಮುಗಿದ ಮೇಲೆ. ಪ್ರೀತಿಯಿಂದ ಕಲಿತೆ ಅಂತ ಸುಳ್ಳು ಹೇಳುವುದಿಲ್ಲ. ಹಠದಿಂದ ಕಲಿತೆ.

ನನಗೆ ಚೆನ್ನಾಗಿ ಬರುವ ಇನ್ನೊಂದು ವಿದ್ಯೆ ಮಂದಿಯ ದನಿ ಕದಿಯುವುದು. ಸೋದರಮಾವ ಫೋನಿನಲ್ಲಿ ‘ಹಲೋ’ ಅನ್ನುವ ಬದಲು ಕೆಮ್ಮುವುದು, ನಮ್ಮ ಬಾಡಿಗೆ ಮನೆಯ ಮಾಲಕಿ ನೀರಿನ ಬಗ್ಗೆ ಭಾಷಣ ಮಾಡುವುದು, ನಾನೇ ಹುಡುಗಿಯರೆದುರು ಗಂಟಲು ದಪ್ಪ ಮಾಡಿಕೊಂಡು ಮಾತಾಡುವುದು, ಎಲ್ಲವನ್ನೂ ಮಾಡಿ ತೋರಿಸುತ್ತೇನೆ. ಇದಕ್ಕೆ ಒಬ್ಬರು ಖಾಯಂ ಪ್ರೇಕ್ಷಕರಿದ್ದರು. ನಮ್ಮ ಆಫೀಸಿನ ಕೆಳಗೆ ಉಡುಪಿ ಕಡೆಯವರೊಬ್ಬರ ಸಸ್ಯಾಹಾರಿ ಹೋಟೆಲ್. ಅದರ ಮಾಲೀಕರನ್ನು ಎಲ್ಲರೂ ಅಣ್ಣ ಅನ್ನುತ್ತಾರೆ. ಅವರು ನಕ್ಕರೆ ಹೊಟ್ಟೆ ಮೊದಲು ನಗುತ್ತದೆ, ಆಮೇಲೆ ಹೆಗಲು, ಕೊನೆಗೆ ಮುಖ. ಆ ಮೂರು ಹಂತ ನೋಡಲಿಕ್ಕಾಗಿ ನಾನು ಯಾರ ಮಾನವನ್ನಾದರೂ ಮಾರಲು ತಯಾರಿದ್ದೆ.

ಈಗ ಛತ್ರಪತಿ ಸಂಭಾಜಿನಗರಕ್ಕೆ ಬನ್ನಿ. ಚಿಕಲಠಾಣಾದ ಕೈಗಾರಿಕಾ ವಸಾಹತಿನಲ್ಲಿ ಒಂದು ಶೆಡ್ಡು. ಮೋಟಾರುಗಾಡಿಯ ಸಣ್ಣ ಭಾಗಗಳನ್ನು ರಟ್ಟಿನ ಪೆಟ್ಟಿಗೆಯಲ್ಲಿ ತುಂಬಿ, ಮೇಲೆ ಚೀಟಿ ಅಂಟಿಸಿ ಲಾರಿಗೆ ಏರಿಸುವ ಜಾಗ. ಚೀಟಿ ಅಚ್ಚು ಹಾಕುವ ಕಂಪ್ಯೂಟರ್ ನಾವು ಕೊಟ್ಟದ್ದು. ಅದರ ಮುಂದೆ ಕೂರುತ್ತಿದ್ದವಳು ನಮ್ಮ ಕಡೆಯ ಹೆಣ್ಣುಮಗಳು, ನನಗಿಂತ ನಾಲ್ಕೈದು ವರ್ಷ ದೊಡ್ಡವಳು. ಗಂಡ, ಅತ್ತೆ ಇಬ್ಬರೂ ಅಲ್ಲೇ ಎಲ್ಲೋ ಏಳುತ್ತಿದ್ದ ಕಟ್ಟಡದ ಕೂಲಿ. ಆಕೆಯೂ ಮೊದಲು ತಲೆಯ ಮೇಲೆ ಸಿಮೆಂಟಿನ ಬುಟ್ಟಿ ಹೊತ್ತವಳೇ. ಶೆಡ್ಡಿಗೆ ಕಸ ಗುಡಿಸಲು ಸೇರಿ, ಚೀಟಿ ಅಂಟಿಸುವುದಕ್ಕೆ ಬಡ್ತಿ ಪಡೆದು, ಅಂಟಿಸುತ್ತ ಅಂಟಿಸುತ್ತ ಅದರ ಮೇಲಿನ ಅಕ್ಷರ, ಸಂಖ್ಯೆ ಓದಲು ಕಲಿತು, ಹಳೆಯ ಆಪರೇಟರ್ ಬಿಟ್ಟುಹೋದ ದಿನ ಆ ಖುರ್ಚಿಯಲ್ಲಿ ಕೂತಿದ್ದಳು. ಅವರ ಮನೆತನದಲ್ಲಿ ಕೂತು ಕೆಲಸ ಮಾಡಿದ ಮೊದಲ ಜೀವ.

“ನಮ್ಮತ್ತಿ ದಿನಾ ಕೇಳತಾಳ್ರೀ,” ಅಂತ ಒಮ್ಮೆ ಫೋನಿನಲ್ಲಿ ಹೇಳಿದ್ದಳು. “‘ಇಡೀ ದಿನಾ ಕುಂತ ಬರತಿ, ಸಂಜೀಕ ಕಾಲ ಯಾಕ ನೋಯ್ತಾವ ನಿಂಗ?’ ಅಂತಾಳ. ನಾ ಅಂದೆ, ಕುಂತ ಕುಂತ ನೋಯ್ತಾವ ಯತ್ತಿ, ನೀ ಒಂದಿನಾ ಕುಂತ ನೋಡು.”

ಆ ಖುರ್ಚಿ ಹೋದರೆ ಮತ್ತೆ ಬುಟ್ಟಿ. ಇದು ಆಕೆಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅದಕ್ಕೇ ಈ ಸಿಟ್ಟು.

ಶೆಡ್ಡಿನ ಮ್ಯಾನೇಜರನನ್ನು ಎಲ್ಲರೂ ಸಾಹೇಬ ಅನ್ನುತ್ತಿದ್ದರು. ಮಾತು ಮೂಗಿನಿಂದ ಹೊರಡುತ್ತಿತ್ತು. ಪ್ರತಿ ಮೂರನೇ ವಾಕ್ಯಕ್ಕೆ ಒಂದು “ಮುದ್ದಾ ಕಾಯ್ ಆಹೇ?” ಅಂದರೆ, ವಿಷಯ ಏನು? ಕನ್ನಡದ ಕಿವಿಗೆ ಅದು ಯಾರೋ ಮುದ್ದು ಮಾಡಲು ಹೊರಟ ಹಾಗೆ ಕೇಳಿಸುತ್ತದೆ. ಮುಖ ನೋಡಿದ ಮೇಲೆ ಆ ಭ್ರಮೆ ಉಳಿಯುವುದಿಲ್ಲ. ಆಕೆಯನ್ನು ಅವನು ಕರೆಯುತ್ತಿದ್ದದ್ದು “ಏ ಬಾಯಿ” ಎಂದು. ನಮ್ಮ ಭಾಷೆಯಲ್ಲಿ ಬಾಯಿ ಅಂದರೆ ಮಾತಾಡುವ ಅಂಗ. ಅವನ ನಾಲಿಗೆಯ ಮೇಲೆ ಬಾಯಿ ಅಂದರೆ ಮಾತಾಡಬಾರದ ಹೆಂಗಸು.

ಒಂದು ಮಧ್ಯಾಹ್ನ ಅವನು ನನಗೆ ಫೋನು ಮಾಡಿದ. ಕಂಪ್ಯೂಟರಿನ ಪರದೆ ಫಕ್ಕನೆ ಕಪ್ಪಾಗಿ, ಹೆಸರು ಮತ್ತು ಪಾಸ್‌ವರ್ಡ್ ಕೇಳುವ ಪುಟಕ್ಕೆ ಬಂದು ನಿಂತಿದೆ. ಬೆಳಗಿನಿಂದ ತುಂಬಿದ ಪೆಟ್ಟಿಗೆಗಳ ಪಟ್ಟಿ ಅಷ್ಟೂ ಮಾಯ. ಲಾರಿ ಬಾಗಿಲಲ್ಲಿ ನಿಂತಿದೆ. ನಾನು ಬೆಂಚಿನ ಮೇಲಿದ್ದೆ. ಎದುರಿಗೆ ಅಣ್ಣ ಇದ್ದರು. ಏನಾಗಿರಬಹುದು ಎಂದು ನನಗೆ ತಟ್ಟನೆ ಹೊಳೆಯಿತು, ಅದು ಸರಿಯೂ ಆಗಿತ್ತು. ನನ್ನ ಬುದ್ಧಿಯ ಬಗ್ಗೆ ಸಿಟ್ಟಾಗಲು ಅದೂ ಒಂದು ಕಾರಣ. ಆ ಚೀಟಿ ತಂತ್ರಾಂಶದಲ್ಲಿ ‘ಝಲಕ್’ ಅಂತ ಒಂದು ಕಿಟಕಿ ಇದೆ. ಅಚ್ಚಾಗುವ ಮೊದಲೇ ಚೀಟಿ ಹೇಗೆ ಕಾಣುತ್ತದೆ ಎಂದು ತೋರಿಸುತ್ತದೆ. ತೋರಿಸಿದ ಪ್ರತಿ ಚಿತ್ರವನ್ನೂ ಬಿಡದೆ ನೆನಪಿನಲ್ಲಿ ಪೇರಿಸುತ್ತ ಹೋಗುತ್ತದೆ ಎಂಬ ಗುಮಾನಿ ನನಗೆ ಮೊದಲಿನಿಂದ ಇತ್ತು. ಅದು ತೆರೆದೇ ಇದ್ದರೆ ಯಂತ್ರದ ಮೆಮೊರಿ ತುಂಬಿ ಬೀಳುತ್ತದೆ. ಆದ್ದರಿಂದ ಅದನ್ನು ಮುಚ್ಚಿಡಬೇಕು. ಅಷ್ಟೇ ಔಷಧ.

ಅಷ್ಟನ್ನು ಆಕೆಗೆ ಹೇಳಬೇಕಿತ್ತು. ಫೋನು ಮಾಡಬಹುದಿತ್ತು. ಅಣ್ಣ ಬಿಡಲಿಲ್ಲ, ಅಥವಾ ನಾನು ಅಣ್ಣನನ್ನು ಬಿಡಲಿಲ್ಲ.

“ಯಾರ ಫೋನು ಮಾರಾಯ, ಆ ಮೂಗಿನವನದ್ದಾ?” ಅಂದರು. “ಮಾಡಿ ತೋರ್ಸು ಒಮ್ಮೆ. ಅಲ್ಲ, ಕನ್ನಡದಲ್ಲಿ ಮಾಡು. ಅವ ಕನ್ನಡ ಮಾತಾಡಿದ್ರೆ ಹೇಗಿರ್ತದೆ ನೋಡುವ.”

ಮೊಬೈಲು ಎತ್ತಿ, ಆಕೆಗೆ ಧ್ವನಿ ಸಂದೇಶ ಮಾಡಿದೆ. ಮೂಗು ಹಿಡಿದು:

“ಏ ಬಾಯಿ! ಮುದ್ದಾ ಕಾಯ್ ಆಹೇ? ಮುದ್ದಾ ಏನಂದ್ರ, ದಿನಾ ಮುಂಜಾನೆ ಬಂದ ಕೂಡಲೇ, ಚಹಾ ಕುಡಿಯೂದಕಿಂತ ಮದಲ, ಆ ಝಲಕ್ ಕಿಡಕಿ ತೆಗೀರಿ. ಮರೀಬ್ಯಾಡ್ರಿ. ಮುದ್ದಾ ಸಮಜಲಾ ಕಾ?”

ಅಣ್ಣನ ಹೊಟ್ಟೆ ನಕ್ಕಿತು, ಹೆಗಲು ನಕ್ಕಿತು, ಮುಖ ನಕ್ಕಿತು. ನಾನು ಕಳಿಸುವ ಗುಂಡಿ ಒತ್ತಿದೆ.

ನನ್ನ ತಲೆಯೊಳಗೆ ಇದ್ದದ್ದು ಮರಾಠಿ ವಾಕ್ಯ: ಖಿಡಕಿ ಕಾಢೂನ್ ಟಾಕಾ. ಕಿಟಕಿಯನ್ನು ಪರದೆಯಿಂದ ತೆಗೆದುಹಾಕಿ, ಅಂದರೆ ಮುಚ್ಚಿ. ಅದು ಕನ್ನಡಕ್ಕೆ ಇಳಿಯುವಾಗ ‘ತೆಗದ್ ಹಾಕ್ರಿ’ ಆಗಬೇಕಿತ್ತು. ‘ಹಾಕ್ರಿ’ ಸೇರಿಸಿದರೆ ಸಾಹೇಬನ ತುಂಡು ಮಾತಿನ ಲಯ ಕೆಡುತ್ತದೆ. ನನ್ನ ಕಲಾಪ್ರಜ್ಞೆ ನನಗೇ ಹೇಳದೆ ಅದನ್ನು ನುಂಗಿಬಿಟ್ಟಿತು. ಉಳಿದದ್ದು ‘ಕಿಡಕಿ ತೆಗೀರಿ.’ ಹುಟ್ಟಿದಾಗಿನಿಂದ ಕನ್ನಡ ಆಡಿದ ಯಾವ ಮನುಷ್ಯನಿಗಾದರೂ ಹೋಗಿ ಹೇಳಿ, ಕಿಡಕಿ ತೆಗೀರಿ ಅಂತ. ಎದ್ದು ಹೋಗಿ ಕಿಟಕಿ ತೆರೆಯುತ್ತಾನೆ. ಗೋಡೆಯಿಂದ ಕಿತ್ತು ಹೊರಗೆ ಎಸೆಯುವುದಿಲ್ಲ.

ಆಕೆ ಅದುವರೆಗೆ ಆ ಝಲಕ್ ಕಿಟಕಿಯನ್ನು ಮುಟ್ಟಿದವಳೇ ಅಲ್ಲ. ಮರುದಿನದಿಂದ ತಪ್ಪದೆ ತೆರೆಯತೊಡಗಿದಳು. ಮರುದಿನದಿಂದ ಯಂತ್ರ ತಪ್ಪದೆ ಬೀಳತೊಡಗಿತು.

ಮತ್ತೆ ನಮ್ಮ ಫೋನು ಸಂಭಾಷಣೆ ಹೇಗಿತ್ತು ಅಂದರೆ, ಈಗ ನೆನೆದರೆ ಮೊಬೈಲನ್ನು ಗೋದಾವರಿಗೆ ಎಸೆಯುವ ಹಾಗಾಗುತ್ತದೆ.

“ದಿನಾ ತೆಗೀತೀರಲ್ಲ?”

“ದಿನಾ ತೆಗೀತೀನ್ರೀ ತಮ್ಮಾ.”

“ಇವತ್ತೂ ತೆಗದ್ರಿ?”

“ಬಂದ ಕೂಡಲೇ ತೆಗದೇನ್ರೀ. ಚಹಾನೂ ಕುಡದಿಲ್ಲ.”

“ಹಂಗಾದ್ರ ಮತ್ತ್ಯಾಕ ಬೀಳತೈತಿ?”

“ಅದನ್ನ ನೀವ ಹೇಳಬೇಕ್ರಿ. ನಾ ತೆಗಿಯೂದು ಒಂದ ಬಿಟ್ಟಿಲ್ಲ.”

ಒಂದೇ ಶಬ್ದವನ್ನು ಇಬ್ಬರೂ ಎರಡು ತುದಿಯಿಂದ ಹಿಡಿದುಕೊಂಡು, ಎಷ್ಟು ಚೆನ್ನಾಗಿ ಮಾತಾಡುತ್ತಿದ್ದೇವೆ ಎಂದುಕೊಂಡಿದ್ದೆವು. ಯಂತ್ರ ಬಿದ್ದರೆ ಮೊದಲು ಲಾಗ್ ನೋಡಬೇಕು ಎಂಬುದು ನಮ್ಮ ಕೆಲಸದ ಒಂದನೇ ಪಾಠ. ಲಾಗ್ ಅಂದರೆ ಯಂತ್ರ ತಾನೇ ಬರೆದಿಟ್ಟುಕೊಳ್ಳುವ ದಿನಚರಿ. ಎಷ್ಟು ಗಂಟೆಗೆ ಯಾರು ಬಂದರು, ಏನು ಶುರುವಾಯಿತು, ಏನು ಸತ್ತಿತು, ಎಲ್ಲ ಇರುತ್ತದೆ. ನಾಶಿಕದಲ್ಲಿ ಕೂತೇ ತರಿಸಿ ಓದಬಹುದಿತ್ತು. ಓದಲಿಲ್ಲ. ರೋಗ ಗೊತ್ತಾಗಿದೆ, ಔಷಧ ಕೊಟ್ಟಿದ್ದೇನೆ, ರೋಗಿ ದಿನಾ ನುಂಗುತ್ತಿದ್ದಾಳೆ, ಇನ್ನು ಓದುವುದೇನು? ಮೂರು ವಾರ ನಾನು ಇಂಥ ಪಂಡಿತನಾಗಿದ್ದೆ.

ಮೂರನೇ ವಾರ ಸಾಹೇಬನ ಫೋನು ಬಂತು. ಈ ಸಲ ಮುದ್ದಾ ಅವನೇ ಹೇಳಿದ. ಆಕೆ ಏನೋ ನೋಡುತ್ತಾಳೆ, ಸಿನೆಮಾನೋ ಹಾಡೋ, ಅದರಿಂದ ಯಂತ್ರ ಬೀಳುತ್ತಿದೆ. ಬುಟ್ಟಿ ಹೊರುವವರಿಗೆ ಕಂಪ್ಯೂಟರ್ ಕೊಟ್ಟದ್ದೇ ತಪ್ಪು. ನೀನು ಬಾ, ಲಾಗ್ ನೋಡು, ತಪ್ಪು ಆಕೆಯದು ಎಂದು ಬರೆದುಕೊಡು. ಅದೇ ದಿನ ಆಕೆಯನ್ನು ಕೆಲಸದಿಂದ ತೆಗೆಯುತ್ತೇನೆ. ಕೆಲಸದಿಂದ ತೆಗೆಯುವುದು. ಆ ಒಂದು ಕಡೆ ಮಾತ್ರ ‘ತೆಗೆ’ ಎಂಬುದರ ಅರ್ಥದಲ್ಲಿ ಯಾರಿಗೂ ಅನುಮಾನ ಬರುವುದಿಲ್ಲ.

ಬೆಳಗಿನ ಬಸ್ಸು ಹತ್ತಿದೆ. ಯೇವಲಾ ದಾಟಿ ವೈಜಾಪುರ ಬರುವವರೆಗೂ ಮನಸ್ಸಿನೊಳಗೆ ಸಾಹೇಬನ ಜೊತೆ ಜಗಳವಾಡುತ್ತಿದ್ದೆ. ಎರಡೂ ಪಾತ್ರ ನಾನೇ ಮಾಡುವುದರಿಂದ ಗೆಲುವು ಸುಲಭ. ಅವನ ಮೂಗಿನ ದನಿಯಲ್ಲಿ ‘ಚೂಕ್ ಝಾಲೀ’, ತಪ್ಪಾಯಿತು, ಎಂದು ಎರಡು ಸಲ ಹೇಳಿಸಿದೆ. ಪಕ್ಕದಲ್ಲಿದ್ದ ಮುದುಕ ಎದ್ದು ಬೇರೆ ಸೀಟಿಗೆ ಹೋದ.

ಶೆಡ್ಡಿಗೆ ಹೋದಾಗ ಯಂತ್ರ ಅವತ್ತಿನ ಪಾಲಿಗೆ ಇನ್ನೂ ಬಿದ್ದಿರಲಿಲ್ಲ. ಸಾಹೇಬ ಆಕೆಯನ್ನು ಎಬ್ಬಿಸಿ ಆ ಖುರ್ಚಿಯಲ್ಲಿ ನನ್ನನ್ನು ಕೂರಿಸಿದ. ಆಕೆ ಪಕ್ಕದಲ್ಲಿ ನಿಂತಳು. ಫೋನಿನಲ್ಲಿ ಅಷ್ಟು ಮಾತಾಡಿದ್ದರೂ ಮುಖ ನೋಡಿದ್ದು ಅದೇ ಎರಡನೇ ಸಲ. ಕಣ್ಣಲ್ಲಿ, ತಮ್ಮ ಬಂದ, ಇನ್ನು ಪರವಾಗಿಲ್ಲ ಎಂಬಂಥ ಭರವಸೆ. ನನಗೂ ನನ್ನ ಮೇಲೆ ಅಷ್ಟೇ ಭರವಸೆ ಇತ್ತು.

ಲಾಗ್ ತೆರೆದೆ. ಹಿಂದಿನ ದಿನದ್ದು ಮೊದಲು. ಬೆಳಿಗ್ಗೆ ಒಂಬತ್ತು ಹನ್ನೆರಡಕ್ಕೆ ಆಕೆಯ ಹೆಸರು, ಪಾಸ್‌ವರ್ಡ್ ಹಾಕಿ ತೆರೆದ ಸೆಷನ್, ಅಂದರೆ ಆ ದಿನದ ಪಾಳಿ, ಶುರು. ಒಂಬತ್ತು ಹದಿನಾಲ್ಕಕ್ಕೆ ಝಲಕ್ ಶುರು. ಆಮೇಲೆ ಗಂಟೆಗಟ್ಟಲೆ ಏನೂ ಇಲ್ಲ. ಹನ್ನೆರಡೂವರೆ ಹೊತ್ತಿಗೆ ಕರ್ನಲ್ ಬರೆದ ಸಾಲುಗಳು ಒತ್ತೊತ್ತಾಗಿ ಬಂದವು. ಕರ್ನಲ್ ಅಂದರೆ ಎಲ್ಲಕ್ಕೂ ಕೆಳಗೆ ಕೂತ ಯಜಮಾನ. ಮೆಮೊರಿ ಪೂರ್ತಿ ತುಂಬಿದಾಗ ಉಳಿದವರನ್ನು ಉಳಿಸಲಿಕ್ಕೆ ಒಬ್ಬನನ್ನು ಆರಿಸಿ ಕೊಲ್ಲುತ್ತಾನೆ. ಯಾರನ್ನು ಕೊಂದೆ ಎಂದು ಹೆಸರನ್ನೂ ಬರೆಯುತ್ತಾನೆ. ಝಲಕ್ ತನ್ನ ಚಿತ್ರಗಳನ್ನೆಲ್ಲ ಡೆಸ್ಕ್‌ಟಾಪಿನ, ಅಂದರೆ ಪರದೆಯ ಮೇಲಿನದನ್ನೆಲ್ಲ ನಡೆಸುವ ತಂತ್ರಾಂಶದ, ತಲೆಗೆ ಹೊರಿಸಿ ಮರೆತುಬಿಡುತ್ತಿತ್ತು. ಹೊತ್ತು ಹೊತ್ತು ದಪ್ಪಗಾದದ್ದು ಡೆಸ್ಕ್‌ಟಾಪ್. ಆದ್ದರಿಂದ ಕರ್ನಲ್ ಕೊಂದದ್ದು ಡೆಸ್ಕ್‌ಟಾಪನ್ನು. ಅದು ಸತ್ತರೆ ಸೆಷನ್ ಸತ್ತಿತು, ಸೆಷನ್ ಸತ್ತರೆ ಬೆಳಗಿನ ಪಟ್ಟಿ ಸತ್ತಿತು. ಹೊರೆ ಹೇರಿದವನಿಗೆ ಒಂದು ಗೀರೂ ಇಲ್ಲ. ಆ ಸಾಲು ಓದುವಾಗ ನನಗೆ ನಗು ಬಂತು. ನನ್ನ ಅಪ್ಪ ಅಮ್ಮ ಕೆಲಸ ಮಾಡಿದ ಎಲ್ಲ ಸೈಟುಗಳ ನಿಯಮವೂ ಇದೇ.

ಅದರ ಹಿಂದಿನ ದಿನ ನೋಡಿದೆ. ಅದೇ. ಅದರ ಹಿಂದಿನ ದಿನ. ಅದೇ. ಕೂತ ಎರಡು ನಿಮಿಷಕ್ಕೆ ಝಲಕ್ ಶುರು, ಊಟದ ಹೊತ್ತಿಗೆ ಸಾವು. ಹದಿನೆಂಟು ಕೆಲಸದ ದಿನ, ಹದಿನೆಂಟು ಸಾವು. ನನ್ನ ಗುಮಾನಿ ನಿಜವಾಗಿತ್ತು! ನಿಜವಾದದ್ದರ ಖುಷಿಯಲ್ಲಿ ನಾನು ಮಾಡಿದ್ದನ್ನು ಕ್ಷಮಿಸಲು ಇವತ್ತಿಗೂ ಆಗಿಲ್ಲ. ಖುರ್ಚಿ ತಿರುಗಿಸಿ, ಪತ್ತೇದಾರನ ಗತ್ತಿನಲ್ಲಿ, ಸಾಹೇಬನಿಗೆ ಮರಾಠಿಯಲ್ಲಿ ಹೇಳಿದೆ: “ಸಿಕ್ಕಿತು. ಆ ಕಿಟಕಿಯನ್ನು ಇವರೇ ದಿನಾ ಬೆಳಿಗ್ಗೆ ಶುರು ಮಾಡುತ್ತಿದ್ದಾರೆ. ಲಾಗಿನಲ್ಲಿದೆ.”

ಸಾಹೇಬನ ಮುಖ ಅರಳಿತು. ಅವನಿಗೆ ಮುದ್ದಾ ಸಿಕ್ಕಿತ್ತು. “ಲಿಹೂನ್ ದ್ಯಾ,” ಅಂದ. ಬರೆದು ಕೊಡು.

ನಮ್ಮ ಕಂಪನಿಯ ವರದಿ ಫಾರ್ಮಿನಲ್ಲಿ ‘ಕಾರಣ’ ಎಂಬಲ್ಲಿ ನಾಲ್ಕು ಚೌಕಗಳಿವೆ. ಮೊದಲ ಚೌಕ ‘ಬಳಕೆದಾರರ ತಪ್ಪು’. ಯಾವಾಗಲೂ ಅದೇ ಮೊದಲು. ಪೆನ್ನು ತನ್ನಷ್ಟಕ್ಕೆ ಅಲ್ಲಿಗೇ ಹೋಗುತ್ತದೆ. ಹೋಯಿತು ಕೂಡ.

ಆಕೆಗೆ ಮರಾಠಿ ತಿಳಿಯುತ್ತಿತ್ತು. “ತಮ್ಮಾ,” ಅಂದಳು, “ನೀವ ಹೇಳಿದ್ರಲ್ಲಾ ತೆಗೀರಿ ಅಂತ? ಅದಕ್ಕ ತೆಗದೆ.”

“ನಾ ತೆಗೀರಿ ಅಂದೆ, ನೀವು ಚಾಲೂ ಮಾಡೀರಿ!”

“ತೆಗಿಯೂದಂದ್ರ ಚಾಲೂ ಮಾಡೂದ ಅಲ್ಲೇನ್ರಿ?”

“ತೆಗಿಯೂದಂದ್ರ ತೆಗಿಯೂದು!” ನಾನು ಕೂಗಿದೆ. ಕೈಯಿಂದ ಏನನ್ನೋ ಕಿತ್ತು ಬಿಸಾಡುವ ಹಾಗೆ ಮಾಡಿಯೂ ತೋರಿಸಿದೆ. ಮೂರು ವಾರ ತನ್ನ ಅಪ್ಪಣೆ ಪಾಲಿಸಿದವಳ ಮೇಲೆ ಕೂಗಾಡುವ ಈ ಗಂಡಸಿನ ದನಿಯನ್ನು ನಾನು ಆಮೇಲೆ ಎಷ್ಟು ಸಲ ಅನುಕರಿಸಿದ್ದೇನೋ. ಸಾಹೇಬನದಕ್ಕಿಂತ ಸುಲಭ. ಮೂಗೂ ಹಿಡಿಯಬೇಕಿಲ್ಲ.

ಆಕೆ ಮೊಬೈಲು ಹೊರಗೆ ತೆಗೆದಳು. “ಇದರಾಗ ಐತಿ,” ಅಂದಳು. “ನೀವ ಹಚ್ಚತೀರೋ, ನಾ ಹಚ್ಚಲೋ?”

ಆ ಸಂದೇಶ ಯಾವ ದನಿಯಲ್ಲಿತ್ತು ಎಂದು ಆಕೆಗೂ ಗೊತ್ತು. ಗಂಡ, ಅತ್ತೆ ದುಡಿಯುವ ಕಟ್ಟಡದ ಸೈಟಿನಲ್ಲಿ ಮಂದಿಗೆಲ್ಲ ಕೇಳಿಸಿ ನಕ್ಕಿದ್ದಾಗಿ ಆಕೆಯೇ ನನಗೆ ಹೇಳಿದ್ದಳು. ಆಗ ನಾನು ಉಬ್ಬಿದ್ದೆ. “ಅದು ಬ್ಯಾಡ್ರಿ,” ಅಂದೆ. “ಬಿಡ್ರಿ, ನಾ ಏನರ ಬರೀತೀನಿ.” ಏನು ಬರೆಯುತ್ತಿದ್ದೆ ಎಂಬುದು ನನಗೂ ಗೊತ್ತಿರಲಿಲ್ಲ. ಪೆನ್ನು ಇನ್ನೂ ಮೊದಲ ಚೌಕದ ಮೇಲೇ ಇತ್ತು. ಅದನ್ನು ಆಕೆ ನೋಡಿದಳು. ನೋಡಿ, ಹಚ್ಚಿದಳು.

‘ಏ ಬಾಯಿ! ಮುದ್ದಾ ಕಾಯ್ ಆಹೇ?’

ಪೆಟ್ಟಿಗೆ ಕಟ್ಟುತ್ತಿದ್ದವರ ಕೈ ನಿಂತವು. ಸ್ಪೀಕರಿನಿಂದ ಸಾಹೇಬ ಕನ್ನಡ ಮಾತಾಡುತ್ತಿದ್ದ. ಸಾಹೇಬ ತನ್ನ ಮಾತನ್ನು ತಾನೇ ಹುಬ್ಬು ಗಂಟಿಕ್ಕಿ ಕೇಳಿದ. ಮುಗಿದ ಮೇಲೆ ನಿಜವಾದ ಗೊಂದಲದಿಂದ ಕೇಳಿದ: “ಹೇ ಮೀ ಕಧೀ ಬೋಲಲೋ?” ಇದನ್ನು ನಾನು ಯಾವಾಗ ಹೇಳಿದೆ?

ಅಂಥ ಹೊತ್ತಿನಲ್ಲೂ ಒಂದು ಕ್ಷಣ ಎದೆ ಉಬ್ಬಿತು ಎಂದು ಬರೆಯಲು ನಾಚಿಕೆಯಾಗುತ್ತದೆ. ಉಬ್ಬಿತು. ಇಂಥ ಪ್ರಶಸ್ತಿ ಯಾವ ಕಲಾವಿದನಿಗೆ ಸಿಗುತ್ತದೆ? ಆಮೇಲೆ ಯಾರೋ ಪೆಟ್ಟಿಗೆಯ ಹಿಂದೆ ಕಿಸಕ್ಕೆಂದರು. ಸಾಹೇಬನಿಗೆ ಅರ್ಥವಾಯಿತು. ಕಿವಿ ಕೆಂಪಾಯಿತು. ನನ್ನತ್ತ ತಿರುಗಿದ. “ಇದರಲ್ಲಿ ಏನು ಹೇಳಿದ್ದೀಯಾ? ಒಂದೊಂದೇ ಮಾತು ಮರಾಠಿಯಲ್ಲಿ ಹೇಳು.”

ನಾನು ಬಾಯಿ ತೆರೆದೆ. ಅಭ್ಯಾಸಬಲದಿಂದ ದನಿ ಮೂಗಿಗೆ ಏರಿತು.

“ಈಗ ಅವರ ದನಿಯೊಳಗ ಬ್ಯಾಡ್ರಿ,” ಅಂದಳು ಆಕೆ. “ನಿಮ್ಮದರಾಗ ಹೇಳ್ರಿ.”

ಹೇಳತೊಡಗಿದೆ. ದಿನಾ ಬೆಳಿಗ್ಗೆ, ಬಂದ ಕೂಡಲೇ, ಚಹಾಕ್ಕೂ ಮೊದಲು, ಆ ಝಲಕ್ ಖಿಡಕಿ... ಅಲ್ಲಿಗೆ ಬಂದು ನಿಂತೆ. ಮರಾಠಿ ಎರಡು ಬೇರೆ ಬೇರೆ ಕ್ರಿಯಾಪದ ಮುಂದಿಟ್ಟು ಕಾಯುತ್ತಿತ್ತು. ತೆರೆಯುವುದಾದರೆ ‘ಉಘಡಾ’. ಕಿತ್ತುಹಾಕುವುದಾದರೆ ‘ಕಾಢಾ’. ಯಾವುದಾದರೂ ಒಂದು ಹೇಳಬೇಕು. ನಾನು ಕನ್ನಡದ ವಾಕ್ಯವನ್ನು ಮನಸ್ಸಿನಲ್ಲಿ ಮತ್ತೆ ಕೇಳಿಸಿಕೊಂಡೆ. ಈ ಸಲ ಮೂಗಿಲ್ಲದೆ, ಅಣ್ಣನ ಹೊಟ್ಟೆಯಿಲ್ಲದೆ, ನನ್ನ ಅಮ್ಮ ಅಡುಗೆಮನೆಯಿಂದ ಹೇಳಿದ ಹಾಗೆ: ಸೆಕಿ ಆಗೇತಿ, ಕಿಡಕಿ ತೆಗಿ. ಅಮ್ಮ ಹಾಗೆ ಅಂದಾಗ ನಾನು ಸಾವಿರ ಸಲ ಎದ್ದು ಹೋಗಿ ಕಿಟಕಿ ತೆರೆದಿದ್ದೇನೆ.

“ಉಘಡಾ,” ಅಂದೆ. “ತೆರೆಯಿರಿ ಎಂದು ಹೇಳಿದ್ದೇನೆ, ಸಾಹೇಬ. ಮುಚ್ಚಿರಿ ಎನ್ನಬೇಕಿತ್ತು. ತಪ್ಪು ನನ್ನದು. ಇವರದಲ್ಲ.” ಮೊದಲ ಚೌಕದ ಮೇಲಿದ್ದ ಗೆರೆಯನ್ನು ಕಾಗದ ಹರಿಯುವಷ್ಟು ಹೊಡೆದುಹಾಕಿ, ಕೊನೆಯ ಚೌಕ ‘ಇತರೆ’ಯ ಮುಂದೆ ಬರೆದೆ: ತಂತ್ರಜ್ಞನ ತಪ್ಪು ಸೂಚನೆ.

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ನಕ್ಕ ಶೆಡ್ಡು ಅವನ ಬೆನ್ನ ಹಿಂದಿತ್ತು. ನನ್ನನ್ನು ಕೆಲಸದಿಂದ ತೆಗೆಯುವುದು ಅವನ ಕೈಯಲ್ಲಿರಲಿಲ್ಲ. ಕೈಯಲ್ಲಿದ್ದದ್ದು ಆಕೆ. ಸಾಹೇಬ ದಡ್ಡನಲ್ಲ, ದಡ್ಡನಾಗಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ನಿಧಾನವಾಗಿ, ಒಂದೊಂದೇ ಬೆರಳು ಮಡಚುತ್ತ ವಾದ ಕಟ್ಟಿದ. “ಮೊದಲ ಸಲ ಬಿದ್ದ ಮೇಲೆ ನಾನು ನಿನಗೆ ಫೋನು ಮಾಡಿದೆ. ಫೋನು ಬಂದ ಮೇಲೆ ನೀನು ಈ ತಮಾಷೆ ಕಳಿಸಿದೆ. ಹೌದಾ? ಹಾಗಾದರೆ ಮೊದಲ ಸಲ ಆ ಕಿಟಕಿ ತೆರೆಯಲು ಈ ಬಾಯಿಗೆ ಯಾರು ಹೇಳಿದರು? ಯಾರೂ ಇಲ್ಲ. ತಾನೇ ಮಾಡಿದ್ದಾಳೆ. ಶುರು ಮಾಡಿದವಳೇ ಅವಳು. ತೆಗೆ, ಮೊದಲ ದಿನದ ಲಾಗ್ ತೆಗೆ.”

ಲಾಗಿನಲ್ಲಿ ಹಿಂದಕ್ಕೆ ಹೋದೆ. ಹದಿನೆಂಟು ದಿನ ದಾಟಿ ಮೊದಲ ಸಾವಿನ ದಿನ ಸಿಕ್ಕಿತು. ಹತ್ತೂ ನಲವತ್ತಕ್ಕೆ ಸೆಷನ್ ಶುರು. ಹತ್ತೂ ಐವತ್ತಕ್ಕೆ ಝಲಕ್. ಎರಡು ಗಂಟೆಯ ಸುಮಾರಿಗೆ ಕರ್ನಲ್, ಕೊಲೆ.

“ನಾವ್ ವಾಚಾ,” ಅಂದ. ಹೆಸರು ಓದು.

ಓದಿದೆ. ಆಕೆಯ ಹೆಸರೇ ಇತ್ತು. ಸಾಹೇಬ ಮೇಜಿನ ಮೇಲೆ ಅಂಗೈ ಬಡಿದ, ಚಪ್ಪಾಳೆಯಷ್ಟು ಜೋರಾಗಿ.

“ತಾರೀಖ ಓದ್ರಿ,” ಅಂದಳು ಆಕೆ.

ಓದಿದೆ. ಗುರುವಾರ. ಆಕೆ ಗೋಡೆಯ ಕ್ಯಾಲೆಂಡರಿನ ಹತ್ತಿರ ಹೋಗಿ, ಬೆರಳಿಟ್ಟು ಹಿಂದಕ್ಕೆ ಎಣಿಸಿದಳು. ಮತ್ತೊಮ್ಮೆ ಎಣಿಸಿದಳು. ಮರಳಿ ಬಂದಾಗ ಆಕೆಯ ಮುಖ ನೋಡಿ ನಾನು, ಯಾಕೆಂದು ತಿಳಿಯದೆ, ಆ ಖುರ್ಚಿಯಿಂದ ಎದ್ದುಬಿಟ್ಟೆ. ಆಕೆ ಅದರಲ್ಲಿ ಕೂತಳು.

“ನಾ ಕನ್ನಡದಾಗ ಹೇಳತೀನಿ,” ಅಂದಳು ನನಗೆ. “ನೀವ ಅವರಿಗೆ ಮರಾಠಿ ಮಾಡ್ರಿ. ಈ ಸಲ ಒಂದ ಅಕ್ಷರ ನುಂಗಬ್ಯಾಡ್ರಿ.”

ನುಂಗಲಿಲ್ಲ. ಆಕೆ ಹೇಳಿದ್ದನ್ನು ಮರಾಠಿ ಮಾಡಿ ಮುಗಿಸುವ ಮೊದಲೇ ಸಾಹೇಬನ ಕಣ್ಣು ಪರದೆಯ ಅಂಚಿಗೆ ಅಂಟಿಸಿದ್ದ, ಆಕೆಯ ಪಾಸ್‌ವರ್ಡ್ ಬರೆದ ಚೀಟಿಗೆ ಹೋಗಿ ಬಂತು. ಯಾರು ಬೇಕಾದರೂ ಓದುವಂತಿತ್ತು ಅದು. ಆಮೇಲೆ ಅವನು ಮುದ್ದಾ ಕೇಳಲಿಲ್ಲ. ನನ್ನ ವರದಿಗೆ ಓದದೆ ಸಹಿ ಹಾಕಿದ. ಮೊದಲ ದಿನದ ಬಗ್ಗೆ ಅದರಲ್ಲಿ ಒಂದು ಸಾಲೂ ಬೇಡ ಎಂದ. ನಾನು ಬರೆಯಲಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ನಾನು ಆ ಶೆಡ್ಡಿಗೆ ಮತ್ತೆ ಕಾಲಿಡಬಾರದು ಎಂದು ಆಫೀಸಿಗೆ ದೂರು ಹೋಯಿತು, ಕ್ಷಮಾಪಣೆ ಬರೆದುಕೊಟ್ಟೆ. ಝಲಕ್ ಗುಂಡಿಯನ್ನು ತಂತ್ರಾಂಶದಿಂದಲೇ ಕಿತ್ತುಹಾಕಿ ಬಂದಿದ್ದೆ. ಯಂತ್ರ ಆಮೇಲೆ ಬೀಳಲಿಲ್ಲ. ಆಕೆ ಇವತ್ತೂ ಅದರ ಮುಂದೆ ಕೂತು ಚೀಟಿ ಅಚ್ಚು ಹಾಕುತ್ತಿದ್ದಾಳೆ.

ಆಕೆ ಸಾಹೇಬನ ಮುಖವನ್ನೇ ನೋಡುತ್ತ ಹೇಳಿದ್ದು ಇಷ್ಟು:

“ಆ ಗುರುವಾರ ನಾ ರಜಾದಾಗ ಇದ್ದೆನ್ರಿ ಸಾಹೇಬ್ರ, ರಜಾ ಚೀಟಿ ಮ್ಯಾಲ ಸಹಿ ನಿಮ್ಮದ ಐತಿ. ನಾ ಸಿಲ್ಲೋಡಿನಾಗ ನಮ್ಮ ನಾದಿನಿ ಕೂಸಿನ ತೊಟ್ಟಲಾ ತೂಗಾಕತ್ತಿದ್ದೆ. ನನ್ನ ಹೆಸರಲೇ ಈ ಖುರ್ಚಿ ಮ್ಯಾಲ ಕುಂತಾವ್ರು ಯಾರು?”